ಧವಳಾಂಕನ ಮುನ್ನೂರ ಹನ್ನೆರಡು ಉಡುಪು

ಧವಳಾಂಕನೆಂಬ ವೀರನಿಗೆ ಮುನ್ನೂರ ಹನ್ನೆರಡು ಜೊತೆ ಬಟ್ಟೆಗಳಿದ್ದವು. ಅವುಗಳಲ್ಲಿ ಒಂದೂ ಅವನ ಬಲವನ್ನು ಗುಲಗಂಜಿಯಷ್ಟೂ ಹೆಚ್ಚಿಸುತ್ತಿರಲಿಲ್ಲ. ಚಿನ್ನದ ಕವಚ ತೊಟ್ಟರೂ ಬಾಣ ತಗುಲಿದರೆ ಸಾಯುತ್ತಿದ್ದ, ಬರಿಯ ಪಂಚೆಯಲ್ಲಿದ್ದರೂ ಅಷ್ಟೇ ಸಲೀಸಾಗಿ ಸಾಯುತ್ತಿದ್ದ. ಇದನ್ನು ಕಂಪನಿಯವರು ಆಟದ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದರು: ‘ಉಡುಪು ನೋಟಕ್ಕೆ ಮಾತ್ರ.’ ಆ ವಾಕ್ಯವನ್ನು ಬರೆದುಕೊಟ್ಟವನು ನಾನು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದ ನನಗೆ ಆ ವಾಕ್ಯ ತಪ್ಪೆಂದು ತಿಳಿಯಲು ಒಂದು ವರ್ಷ ಬೇಕಾಯಿತು.

ಕಂಪನಿಯ ಹೆಸರು ತಿರುಗಣೆ. ತುಮಕೂರಿನಲ್ಲಿ ಮುಚ್ಚಿಹೋಗಿದ್ದ ಒಂದು ಟಾಕೀಸನ್ನು ಹಿಡಿದು, ಅದರ ಬಾಲ್ಕನಿಯಲ್ಲಿ ಯಂತ್ರಗಳನ್ನೂ ಕೆಳಗೆ ಗಾಂಧಿ ಕ್ಲಾಸಿನಲ್ಲಿ ಎಂಜಿನಿಯರುಗಳನ್ನೂ ಕೂರಿಸಿದ್ದರು. ನಿವೃತ್ತನಾದ ಮೇಲೆ ನಾನು ಅಲ್ಲಿ ಧವಳಾಂಕನಿಗೆ ಮಾತು ಬರೆಯುತ್ತಿದ್ದೆ. ‘ಎಲವೋ ಅಧಮ’ ಎಂದು ಬರೆದರೆ ಹುಡುಗರು ‘ಸೂಪರ್ ಸಾರ್’ ಎನ್ನುತ್ತಿದ್ದರು. ಕಾಲೇಜಿನಲ್ಲಿ ಯಾರೂ ಹಾಗೆ ಅಂದಿರಲಿಲ್ಲ.

ಆಟ ಜಿಲ್ಲೆ ದಾಟಿ ರಾಜ್ಯವೆಲ್ಲ ಹಬ್ಬಿತ್ತು. ಯಾರಿಗಾದರೂ ಫೋನು ಮಾಡಿದರೆ ಅವರ ಹೆಸರಿನ ಪಕ್ಕ ಅವರ ಧವಳಾಂಕ ಅಂದಿನ ಉಡುಪಿನಲ್ಲಿ ನಿಂತಿರುತ್ತಿದ್ದ. ಹೀಗಾಗಿ ಬಟ್ಟೆ ಆರಿಸುವುದೇ ಒಂದು ಕಾಯಿಲೆಯಾಗಿ, ಜನ ನಲವತ್ತು ನಿಮಿಷ ಉಡುಪು ಆರಿಸಿ ನಾಲ್ಕು ನಿಮಿಷ ಯುದ್ಧ ಮಾಡಿ ಸೋತು, ಮೂರನೇ ದಿನಕ್ಕೆ ಆಟವನ್ನೇ ಬಿಡುತ್ತಿದ್ದರು. ಆಗ ಕಂಪನಿಗೆ ಹೊಳೆದದ್ದು ಇದು: ಯಾರಿಗೆ ಯಾವ ಉಡುಪು ಒಪ್ಪುತ್ತದೆಂದು ಅವರವರ ಕೈಯೇ ಹೇಳುವುದಾದರೆ?

ಆಟವಾಡುವವರೆಲ್ಲ ಕೈಗೆ ಒಂದು ಅಂಗೈಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಬಟ್ಟೆಯ ಪಟ್ಟಿ, ಒಳಗೆ ಅಕ್ಕಿಕಾಳಿನ ಗಾತ್ರದ ನಾಲ್ಕು ಸಂವೇದಕಗಳು. ಬೆವರು, ನಾಡಿ, ಹೆಬ್ಬೆರಳಿನ ನಡುಕ ಎಲ್ಲವೂ ಅದಕ್ಕೆ ತಿಳಿಯುತ್ತಿತ್ತು. ಅದನ್ನೋದಿ ದಿನಾ ಬೆಳಿಗ್ಗೆ ಪ್ರತಿಯೊಬ್ಬರ ವೀರನಿಗೂ ಬಟ್ಟೆ ತೊಡಿಸುವ ಯಂತ್ರಬುದ್ಧಿಯೊಂದನ್ನು ಕಟ್ಟಿದರು. ಅದಕ್ಕೆ ‘ಸಜ್ಜುಗಾರ’ ಎಂದು ನಾನೇ ಹೆಸರಿಟ್ಟೆ. ಯಂತ್ರಕ್ಕೆ ಕಾರಣ ಬೇಕಿಲ್ಲ, ಸಾಕಷ್ಟು ಉದಾಹರಣೆಗಳು ಸಾಕು ಎಂದು ಎಂಜಿನಿಯರ್ ನಿಖತ್ ನನಗೆ ವಿವರಿಸಿದಳು. ಶಿರಾದ ಹುಡುಗಿ. ಲೆಕ್ಕದಲ್ಲಿ ಚೂಪು, ಮಾತಿನಲ್ಲಿ ಮೆದು.

“ಉದಾಹರಣೆ ಕೊಡೋರು ಬೇಕು ಸಾರ್. ಸಾಧಾರಣ ಮನುಷ್ಯರಿಗೆ ವೀರರ ಬಟ್ಟೆ ಹಾಕಿ ಅಭ್ಯಾಸ ಇರೋರು.”

ನನಗೆ ಹೊನ್ನಪ್ಪಾಚಾರ್ ನೆನಪಾದರು.

ನಮ್ಮ ಸೀಮೆಯಲ್ಲಿ ಪೌರಾಣಿಕ ನಾಟಕಕ್ಕೆ ಡ್ರೆಸ್ ಒದಗಿಸುವವರೆಂದರೆ ಅವರೇ. ಮೂರು ತಲೆಮಾರಿನ ಅಂಗಡಿ. ಗುಮಾಸ್ತರನ್ನು ಕರ್ಣರನ್ನಾಗಿಸಿ, ಕಂಡಕ್ಟರುಗಳನ್ನು ಕೃಷ್ಣರನ್ನಾಗಿಸಿ ನಲವತ್ತು ವರ್ಷ ಕಳೆದವರು. ಪಿಂಚಣಿದಾರರ ಸಂಘದ ನಾಟಕದಲ್ಲಿ ಹನ್ನೊಂದು ವರ್ಷ ದುರ್ಯೋಧನನಾಗಿದ್ದ ನನ್ನ ತಲೆಗೆ ಕಿರೀಟ ಕಟ್ಟಿದವರೂ ಅವರೇ.

“ಆಚಾರ್ರೇ, ಒಬ್ಬ ವೀರನಿಗೆ ಬಟ್ಟೆ ಆರಿಸಿಕೊಡಬೇಕಂತೆ.”

“ಯಾವೂರ ನಾಟಕ ಸಾರ್?”

“ನಾಟಕ ಅಲ್ಲ. ಫೋನಿನೊಳಗಿನ ಆಟ.”

“ಪಾತ್ರ ಮಾಡೋರು ಯಾರು?”

“ಎಲ್ಲರೂ.”

“ಎಲ್ಲರೂ ಒಂದೇ ಪಾತ್ರಾನಾ!” ಆಚಾರ್ರು ಕೈಲಿದ್ದ ಗದೆಯನ್ನು ಕೆಳಗಿಟ್ಟರು. “ಜಗಳ ಆಗಲ್ವಾ ಸಾರ್?”

ಹನ್ನೊಂದು ದಿನ ಅವರು ಬಾಲ್ಕನಿಯಲ್ಲಿ ತಿರುಗುವ ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಪರದೆಯ ಮೇಲೆ ಒಂದು ಕೈ ಕಾಣುತ್ತಿತ್ತು, ಪಕ್ಕದಲ್ಲಿ ಆ ಕೈ ಆಡಿಸುತ್ತಿದ್ದ ಧವಳಾಂಕನ ನಡಿಗೆ. ಯಾರ ಕೈ ಎಂಬುದಿಲ್ಲ. ಎರಡು ಕ್ಷಣ ನೋಡಿ ಆಚಾರ್ರು ಉಡುಪಿನತ್ತ ಬೆರಳು ತೋರುತ್ತಿದ್ದರು. “ಇವನಿಗೆ ಅದು. ಈ ಯಮ್ಮನಿಗೆ ಇದು. ಇವನಿಗೆ... ಪಾಪ, ಆ ಸಿಂಹದ್ದು ಹಾಕಿ.” ನಾಲ್ಕು ಸಾವಿರ ಕೈ ನೋಡಿದರು.

“ಹೇಗೆ ಸಾರ್ ಆರಿಸ್ತೀರಾ?” ಎಂದು ನಿಖತ್ ಕೇಳಿದಳು.

“ಕಂಡ್ರೆ ಗೊತ್ತಾಗತ್ತಮ್ಮ.”

ಅವಳು ವರದಿಯಲ್ಲಿ ‘ಅನುಭವ’ ಎಂದು ಬರೆದುಕೊಂಡಳು. ‘ಪಾಪ’ ಎಂಬ ಶಬ್ದವನ್ನು ಯಾರೂ ಗಮನಿಸಲಿಲ್ಲ. ಭಾಷೆಯ ಜವಾಬ್ದಾರಿ ಹೊತ್ತಿದ್ದ ನಾನೂ ಸಹ.

ಸಜ್ಜುಗಾರ ಕೆಲಸಕ್ಕೆ ಇಳಿದ ಮೊದಲ ಬೆಳಿಗ್ಗೆಯೇ ನನ್ನ ಧವಳಾಂಕನಿಗೆ ಸಿಂಹಭುಜ ಸಿಕ್ಕಿತು. ಎರಡು ಹೆಗಲ ಮೇಲೂ ಬಾಯಿ ತೆರೆದ ಸಿಂಹ, ಎದೆಗೆ ನವರತ್ನದ ಕವಚ, ತಲೆಗೆ ನವಿಲುಗಳ ಕಿರೀಟ. ಮುನ್ನೂರ ಹನ್ನೆರಡರಲ್ಲಿ ಅದಕ್ಕಿಂತ ಭರ್ಜರಿಯಾದದ್ದು ಇನ್ನೊಂದಿರಲಿಲ್ಲ. ಅಡುಗೆಮನೆಯಲ್ಲಿ ಬೇಳೆ ನೆನೆಹಾಕಿ ಬಂದ ನನ್ನ ಹೆಂಡತಿ ಪಂಕಜಾಕ್ಷಿಯ ಫೋನಿನೊಳಗೆ ಇಣುಕಿದೆ. ಅವಳ ವೀರ ಒಂದು ಬಿಳಿ ಪಂಚೆ ಉಟ್ಟು, ಹೆಗಲಿಗೊಂದು ವಲ್ಲಿ ಹಾಕಿಕೊಂಡು ನಿಂತಿದ್ದ.

“ಪಾಪ, ನಿನಗೆ ಇಷ್ಟೇನಾ?” ಎಂದೆ.

“ಇರ್ಲಿ ಬಿಡ್ರೀ. ಓಡಕ್ಕೆ ಸಲೀಸು.”

ಅವಳು ಆಗಲೇ ಆರನೇ ಕೋಟೆಯಲ್ಲಿದ್ದಳು. ನಾನು ಮೊದಲನೆಯದರ ಬಾಗಿಲಲ್ಲಿದ್ದೆ. ಅದು ನನ್ನ ಅರಿವಿಗೆ ಬರಲಿಲ್ಲವೆಂದಲ್ಲ. ವೇಗ ಬೇರೆ, ಗಾಂಭೀರ್ಯ ಬೇರೆ ಎಂದು ನಾನದಕ್ಕೊಂದು ಸಿದ್ಧಾಂತ ಮಾಡಿಕೊಂಡಿದ್ದೆ. ಸಿಂಹಭುಜದ ಚಿತ್ರವನ್ನು ಪಿಂಚಣಿದಾರರ ಗುಂಪಿಗೆ ಕಳಿಸಿ ಕೆಳಗೆ ‘ಯೋಗ್ಯತೆ ಯಂತ್ರಕ್ಕೂ ಕಾಣುತ್ತದೆ’ ಎಂದು ಬರೆದೆ. ನಲವತ್ತೊಂದು ಜನ ಹೆಬ್ಬೆರಳು ಎತ್ತಿದರು. ಹಜಾರದ ಗೋಡೆಯ ಮೇಲೆ, ಪುಟ್ಟ ದೀಪದ ಕೆಳಗೆ, ದುರ್ಯೋಧನನಾಗಿದ್ದ ನನ್ನ ಫೋಟೋ ಇತ್ತು. ಅದೇ ನವಿಲು, ಅದೇ ಮಣಿ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ನೋಡಿ ಹಿಗ್ಗಿದೆನೆಂದು ಈಗ ಬರೆಯಲು ಕಿವಿ ಬಿಸಿಯಾಗುತ್ತದೆ.

ಐದು ತಿಂಗಳು ಕಳೆದ ಮೇಲೆ ಒಂದು ಸೋಮವಾರದ ಸಭೆಯಲ್ಲಿ ನಿಖತ್ ಪರದೆಯ ಮೇಲೆ ಎರಡು ಗೆರೆ ಎಳೆದಳು.

“ಸಿಂಹಭುಜ ಯಾರಿಗೆ ಹೋಗ್ತಿದೆ ನೋಡಿ ಸಾರ್. ನೂರಕ್ಕೆ ತೊಂಬತ್ತಾರು ಜನ ಮೊದಲನೇ ಕೋಟೇನೇ ದಾಟಿಲ್ಲ. ಬರೀ ಪಂಚೆ ಬಂದಿರೋರೆಲ್ಲ ಪ್ರಚಂಡರು. ಸಜ್ಜುಗಾರ ತಲೆಕೆಳಗಾಗಿ ಕಲ್ತಿದೆ.”

ಯಾರೋ ನಕ್ಕರು. ನಾನು ಮೇಜಿನ ಮೇಲಿದ್ದ ಫೋನನ್ನು ಬೋರಲು ಹಾಕಿದೆ.

“ಆದ್ರೆ ಇನ್ನೊಂದಿದೆ,” ಎಂದಳು ಅವಳು. “ಮೂರನೇ ದಿನ ಬಿಟ್ಟು ಹೋಗ್ಬೇಕಾಗಿದ್ದೋರು ಹೋಗಿಲ್ಲ. ಸಿಂಹಭುಜ ಬಂದ್ಮೇಲೆ ಅವರ ಕೈ ನಡುಕ ಕಮ್ಮಿಯಾಗಿದೆ.”

ಕಾರಣ ಅವಳೇ ಹುಡುಕಿದ್ದಳು. ಚಿತ್ರಕಾರರು ಭಾರದ ಉಡುಪಿನಲ್ಲಿ ಧವಳಾಂಕ ನಿಧಾನವಾಗಿ ತಿರುಗುವಂತೆ, ಹೆಜ್ಜೆ ಊರಿ ನಡೆಯುವಂತೆ ಬರೆದಿದ್ದರು. ಏಟಿನ ಬಲ, ಓಟದ ವೇಗ ಒಂದೂ ಬದಲಾಗಿರಲಿಲ್ಲ. ಆದರೆ ನಿಧಾನವನ್ನು ನೋಡುವ ಕಣ್ಣು ಕೈಯನ್ನೂ ನಿಧಾನಿಸುತ್ತಿತ್ತು. ಗಾಬರಿಬಿದ್ದ ಬೆರಳು ಒಂದು ಕ್ಷಣ ತಡೆದು ಗುಂಡಿ ಒತ್ತುತ್ತಿತ್ತು. ನೋಟಕ್ಕೆ ಮಾತ್ರ ಎಂದು ನಾನು ಬರೆದಿದ್ದೆ. ನೋಟ ಕೈಗೆ ಇಳಿಯುತ್ತದೆಂಬುದು ಭೌತಶಾಸ್ತ್ರದವನಿಗೆ ಹೊಳೆದಿರಲಿಲ್ಲ.

“ಇದು ಆಚಾರ್ರಿಗೆ ಮೊದಲೇ ಗೊತ್ತಿತ್ತಾ? ಕೇಳ್ಕೊಂಡು ಬನ್ನಿ ಸಾರ್,” ಎಂದ ಮ್ಯಾನೇಜರ್ ಪ್ರಣೀತ್.

ಅಂದೇ ಸಂಜೆ ಅಂಗಡಿಗೆ ಹೋದೆ. ಆಚಾರ್ರು ನನಗೆ ಸ್ಟೂಲು ಹಾಕಿ, ಕಾಫಿ ತರಿಸಿ, ಬಾಗಿಲನ್ನು ಅರ್ಧ ಮುಂದೆಳೆದರು.

“ನೀವಾಗಿದ್ದಕ್ಕೆ ಹೇಳ್ತೀನಿ. ಹೊರಗೆ ಬಿಡಬೇಡಿ. ನಮ್ಮಪ್ಪ ನಂಗೆ ಹೇಳಿದ್ದು, ಅವರಪ್ಪ ಅವರಿಗೆ.”

ಒಂದು ಕಿರೀಟವನ್ನು ಮಗುಚಿ ಅಂಚಿನ ಬಟ್ಟೆ ಸರಿಸಿ ತೋರಿಸಿದರು. ಒಳಗೆ ಸುತ್ತಲೂ ಸೀಸದ ಪಟ್ಟಿ.

“ಅಳುಕಿರೋನಿಗೆ ಭಾರ ಹಾಕ್ಬೇಕು ಸಾರ್. ತಲೆ ಮೇಲೆ ಭಾರ ಇದ್ರೆ ಕತ್ತು ಅಲ್ಲಾಡ್ಸಲ್ಲ, ಗಬಕ್ಕನೆ ತಿರುಗಲ್ಲ. ಮಾತು ಮರೆತು ನಿಂತ್ರೂ ಜನ ಅದನ್ನ ಗತ್ತು ಅನ್ಕೋತಾರೆ. ಮಾತು ಬಲ್ಲೋನಿಗೆ ರಟ್ಟಿಂದೇ ಸಾಕು, ಕುಣ್ಕೊಂಡಿರ್ಲಿ. ಭಾರದ್ದು ಕೊಟ್ರೆ ಬೇಜಾರಾಗ್ಬಾರ್ದಲ್ಲ? ಅದಕ್ಕೇ ಅದಕ್ಕೆ ಮಣಿ ಜಾಸ್ತಿ, ನವಿಲು ಜಾಸ್ತಿ. ಹೊತ್ಕೊಂಡು ಹಿಗ್ತಾರೆ.”

ಕಾಫಿ ಆರುತ್ತಿತ್ತು.

“ಆಚಾರ್ರೇ, ನನ್ನ ದುರ್ಯೋಧನನ ಕಿರೀಟ...”

ಅವರು ಎದ್ದು ಗೂಟಕ್ಕೆ ನೇತುಹಾಕಿದ್ದ ವಿಶ್ವಾಮಿತ್ರನ ಗಡ್ಡವನ್ನು ತೆಗೆದು ಬ್ರಷ್ಷಿನಿಂದ ಬಾಚತೊಡಗಿದರು. ಗಡ್ಡ ಚೊಕ್ಕಟವಾಗಿಯೇ ಇತ್ತು.

“ಎಷ್ಟು ಭಾರ ಅದು?”

“ಒಂದು ಕೆಜಿ ಎಂಟುನೂರು ಗ್ರಾಂ ಸಾರ್,” ಎಂದರು ಗಡ್ಡಕ್ಕೆ. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. “ನಮ್ಮಂಗಡೀಲಿ ಇರೋದ್ರಲ್ಲೇ ದೊಡ್ಡದು.”

ಮಾರನೇ ದಿನ ನಾನು ಸಭೆಯಲ್ಲಿ ಎಲ್ಲವನ್ನೂ ಹೇಳಿದೆ.

ಕೇಳಿಕೊಂಡು ಬಾ ಎಂದಿದ್ದರು, ಹೇಳಿದೆ ಎನ್ನಬಹುದು. ಆದರೆ ಹೇಳುವುದಕ್ಕೊಂದು ರೀತಿಯಿದೆ. ನಾನು ಆಚಾರ್ರ ದನಿ ತೆಗೆದು, ಅವರ ಹಾಗೆ ಕತ್ತು ಓರೆ ಮಾಡಿ, ಸೀಸದ ಕಿರೀಟ ಹೊತ್ತು ಹಿಗ್ಗುವ ಗುಮಾಸ್ತನ ನಡಿಗೆಯನ್ನೂ ನಡೆದು ತೋರಿಸಿದೆ. ಗಾಂಧಿ ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಆ ಗುಮಾಸ್ತರ ಸಾಲಿನಲ್ಲಿ ಒಬ್ಬ ಲೆಕ್ಚರರೂ ಇದ್ದನೆಂಬ ಭಾಗವನ್ನು ಮಾತ್ರ ಬಿಟ್ಟಿದ್ದೆ.

“ಇದನ್ನ ಆಟದ ಮೊದಲ ಪುಟದಲ್ಲೇ ಹಾಕೇಬಿಡೋಣ ಸಾರ್! ಜನ ಪ್ರೀತಿಸ್ತಾರೆ. ನೀವೇ ಬರ್ಕೊಡಿ,” ಎಂದ ಪ್ರಣೀತ್.

ಅರ್ಧ ಗಂಟೆಯಲ್ಲಿ ಬರೆದೆ. ಶೀರ್ಷಿಕೆ ‘ಭಾರ ಯಾರಿಗೆ?’ ಹೊನ್ನಪ್ಪಾಚಾರ್ ಹೆಸರು, ಅಂಗಡಿ, ಸೀಸದ ಪಟ್ಟಿ ಎಲ್ಲವೂ ಇತ್ತು. ನಿಖತ್ ಅದನ್ನು ಎರಡು ಸಲ ಓದಿದಳು.

“ಆಚಾರ್ರನ್ನ ಒಂದು ಮಾತು ಕೇಳ್ಬೇಕಲ್ವಾ ಸಾರ್?”

“ಕೇಳಿದ್ದೀನಮ್ಮ,” ಎಂದೆ.

ಎರಡು ದಿನದಲ್ಲಿ ಇಡೀ ರಾಜ್ಯ ಅದನ್ನು ಓದಿತು.

ಶಾಲೆಗಳಲ್ಲಿ ಸಿಂಹಭುಜದ ಮಕ್ಕಳಿಗೆ ‘ಸೀಸ’ ಎಂದು ಅಡ್ಡಹೆಸರು ಬಿತ್ತು. ಹೆಣ್ಣು ನೋಡಲು ಬಂದ ಗಂಡಿನ ಧವಳಾಂಕನನ್ನು ಹೆಣ್ಣಿನ ಕಡೆಯವರು ಮೊದಲು ನೋಡಿಕೊಂಡು ಆಮೇಲೆ ಉಪ್ಪಿಟ್ಟು ಕೊಡುವಂತಾಯಿತು. ಕೈ ತಣ್ಣಗಿದ್ದರೆ ಪಟ್ಟಿಗೆ ಅಳುಕು ತಿಳಿಯದೆಂದು ಜನ ಬೆಳಿಗ್ಗೆ ಎದ್ದು ಅಂಗೈಗೆ ಐಸು ತಿಕ್ಕಿಕೊಂಡರು. ಮಾತು ಮಾತಿಗೂ ಮೇಜು ಗುದ್ದುವ ಒಬ್ಬ ತಾಲೂಕು ಮುಖಂಡರು ತಿಂಗಳಿಡೀ ಯಾರಿಗೂ ಫೋನು ಮಾಡದೆ ಖುದ್ದಾಗಿ ಓಡಾಡಿದರು.

ಆಟದ ಮಾತು ಹಾಗಿರಲಿ. ಮೂರು ತಾಲೂಕಿನ ಅರವತ್ತು ದಾಟಿದ ಗಂಡಸರೆಲ್ಲ ತಾವು ಯಾವ ನಾಟಕದಲ್ಲಿ ಎಂಥ ಕಿರೀಟ ಹೊತ್ತಿದ್ದೆವೆಂದು ನೆನಪಿಸಿಕೊಳ್ಳುತ್ತ ಕೂತರು. ಗೋಡೆಯ ಮೇಲಿನ ಫೋಟೋಗಳು ಬೀರುವಿಗೆ ಹೋದವು. ಆಚಾರ್ರ ಟ್ರಂಕುಗಳು ಹೋದ ಊರುಗಳಿಂದ ಬೀಗ ತೆಗೆಯದೆಯೇ ವಾಪಸು ಬಂದವು. ಸಿಕ್ಕ ಒಂದೆರಡು ನಾಟಕಗಳಲ್ಲೂ ಎಲ್ಲರಿಗೂ ರಟ್ಟಿನ ಕಿರೀಟವೇ ಬೇಕು. ಕುಣಿಗಲ್ಲಿನ ಕಡೆ ಒಬ್ಬ ದುರ್ಯೋಧನ ಹಗುರ ಕಿರೀಟ ಹೊತ್ತು ಕತ್ತನ್ನು ಕೊಕ್ಕರೆಯಂತೆ ತಿರುಗಿಸಿ, ಮಾತು ಮರೆತು, ಭೀಮ ಬರುವ ಮೊದಲೇ ತೊಡೆ ಹಿಡಿದುಕೊಂಡು ಬಿದ್ದನಂತೆ.

ನಾನೂ ನನ್ನ ಫೋಟೋ ಇಳಿಸಿದೆ. ಪಂಕಜಾಕ್ಷಿ ಸೊಪ್ಪು ಬಿಡಿಸುತ್ತ ನೋಡುತ್ತಿದ್ದಳು.

“ನಿನಗೆ ಮೊದಲೇ ಗೊತ್ತಿತ್ತಾ?”

“ಒಂದ್ಸಲ ನಿಮ್ಮದೂ ಅಶ್ವತ್ಥಾಮಂದೂ ಎರಡೂ ಕಿರೀಟ ಮನೆಗೆ ತಂದಿಟ್ಟಿದ್ರಲ್ಲ, ಒರೆಸೋಣ ಅಂತ ಎತ್ತಿದ್ದೆ.”

“ಹೇಳಲಿಲ್ಲ ನೀನು?”

“ಚೆನ್ನಾಗಿ ನಿಲ್ತಿದ್ರಿ. ಹೇಳಿ ಏನ್ಮಾಡ್ಬೇಕಿತ್ತು?” ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡಿದಳು. “ಆಚಾರ್ರೂ ಹನ್ನೊಂದು ವರ್ಷ ಹೇಳ್ಲಿಲ್ಲ. ನೀವು ಅರ್ಧ ಗಂಟೇಲಿ ಬರ್ಕೊಟ್ರಿ.”

ಫೋಟೋವನ್ನು ಬೀರುವಿನಲ್ಲಿಟ್ಟೆ. ಕ್ಷಮೆ ಕೇಳಬೇಕೆಂದು ಅಂಗಡಿಗೆ ಹೋದೆ. ಒಳಗೆ ಟ್ರಂಕುಗಳು ಸೂರಿನವರೆಗೂ ಏರಿದ್ದವು. ಆಚಾರ್ರು “ಬನ್ನಿ ಸಾರ್” ಎಂದು ಸ್ಟೂಲು ಕೊಟ್ಟರು. ಕಾಫಿ ತರಿಸಲಿಲ್ಲ.

“ನಾನು ಹಾಗೆ ಬರೀಬಾರದಿತ್ತು,” ಎಂದೆ.

“ತಪ್ಪೇನಿಲ್ಲ ಸಾರ್. ಎಲ್ಲಾ ನಾನ್ ಹೇಳಿದ್ದೇ.” ಒಂದು ಭುಜಕೀರ್ತಿಯ ದಾರವನ್ನು ಹಲ್ಲಿನಿಂದ ಕಡಿದರು. “ಓದಿಸಿ ಕೇಳ್ದೆ. ಚೆನ್ನಾಗಿ ನಗು ಬರೋ ಹಂಗೆ ಬರ್ದಿದ್ರಿ.”

ಕ್ಷಮಿಸಿ ಎಂಬ ಮಾತು ಬಾಯಿಗೆ ಬರಲಿಲ್ಲ. ಸಾವಿರ ಜನರೆದುರು ಛಲದಂಕಮಲ್ಲನಾಗಿ ಗರ್ಜಿಸಿದವನು, ಸ್ಟೂಲಿನ ಮೇಲೆ ಕೂತು ಆ ಒಂದು ಶಬ್ದ ಹೊರಡಿಸಲಾರದೆ ಎದ್ದು ಬಂದೆ. ತಲೆಯ ಮೇಲೆ ಏನೂ ಇರಲಿಲ್ಲವಲ್ಲ.

ಕಂಪನಿ ಸಜ್ಜುಗಾರನನ್ನು ನಿಲ್ಲಿಸಿತು. ಯಾರಿಗೆ ಯಾವುದು ಬೇಕೋ ಅವರೇ ತೊಟ್ಟುಕೊಳ್ಳಲಿ ಎಂದಿತು. ಒಂದೇ ವಾರದಲ್ಲಿ ಧವಳಾಂಕನ ರಾಜ್ಯವೆಲ್ಲ ಬಿಳಿ ಪಂಚೆ, ವಲ್ಲಿಯ ವೀರರಿಂದ ತುಂಬಿ ಯಾವುದೋ ಛತ್ರದ ಊಟದ ಪಂಕ್ತಿಯ ಹಾಗೆ ಕಂಡಿತು. ಅಳುಕಿದವರು ಪಂಚೆಯಲ್ಲೇ ನಡುಗಿ, ಪಂಚೆಯಲ್ಲೇ ಸೋತು, ಮೂರನೇ ದಿನಕ್ಕೆ ಬಿಟ್ಟು ಹೋಗತೊಡಗಿದರು. ಅದರಲ್ಲಿ ಮಕ್ಕಳೇ ಹೆಚ್ಚೆಂದು ನಿಖತ್ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಒಂದು ದಿನ ಮೆಟ್ಟಿಲ ಮೇಲೆ ಆಚಾರ್ರು ಎದುರಾದರು. ನಿಖತ್ ಕರೆಸಿದ್ದಳಂತೆ. ಎರಡು ದಿನ ಬಾಲ್ಕನಿಯ ಬಾಗಿಲು ಹಾಕಿಕೊಂಡು ಇಬ್ಬರೂ ಏನೋ ಮಾಡಿದರು. ನನ್ನನ್ನು ಕರೆಯಲಿಲ್ಲ. ಆಮೇಲೆ ಎರಡು ತಿಂಗಳಲ್ಲಿ, ಆಟದಲ್ಲಿ ಉಳಿದವರ ಲೆಕ್ಕದ ಗೆರೆ ಮತ್ತೆ ಮೇಲೆದ್ದಿತು. ಎಲ್ಲರೂ ಬಿಳಿ ಪಂಚೆಯಲ್ಲೇ ಇದ್ದರು, ಆದರೆ ಮೂರನೇ ದಿನ ಯಾರೂ ಬಿಟ್ಟು ಹೋಗುತ್ತಿರಲಿಲ್ಲ.

“ಏನು ಮಾಡಿದಿರಮ್ಮ?”

“ಗೊತ್ತಿಲ್ಲ ಸಾರ್,” ಎಂದಳು ನಿಖತ್, ಈ ಸಲ ನೇರವಾಗಿ ನನ್ನ ಮುಖ ನೋಡಿ.

ಆ ವರ್ಷ ಪಿಂಚಣಿದಾರರ ಸಂಘದ ನಾಟಕ ಭಾನುವಾರ ಮಧ್ಯಾಹ್ನ ಎರಡು ಗಂಟೆಗಿತ್ತು. ಸಕ್ಕರೆ ಕಾಯಿಲೆಯವರೇ ಹೆಚ್ಚಾದ ಮೇಲೆ ನಮ್ಮ ಕುರುಕ್ಷೇತ್ರ ಊಟವಾದ ಕೂಡಲೇ ಶುರುವಾಗಿ ಸಂಜೆಯ ಮಾತ್ರೆಯೊಳಗೆ ಮುಗಿಯುತ್ತದೆ. ಬೆನ್ನುನೋವೆಂದು ಹೇಳಿ ನಾನು ದುರ್ಯೋಧನನನ್ನು ಬಿಟ್ಟುಕೊಟ್ಟಿದ್ದೆ. ಬೆನ್ನಿಗೆ ಏನೂ ಆಗಿರಲಿಲ್ಲ. ನನಗೆ ಶಲ್ಯನ ಪಾತ್ರ, ಆರು ಮಾತು. ದುರ್ಯೋಧನ ಈ ಸಲ ಪೋಸ್ಟ್ ಮಾಸ್ಟರ್ ರೇವಣ್ಣ. ಮಾರ್ಚಿನಲ್ಲಿ ನಿವೃತ್ತರಾದವರು, ರಂಗದ ಮೇಲೆ ಕಾಲಿಡುವುದು ಇದೇ ಮೊದಲು. ಹೆಂಡತಿ, ಸೊಸೆ, ಮೊಮ್ಮಕ್ಕಳು, ಅಂಚೆ ಕಚೇರಿಯ ಅಷ್ಟೂ ಸಿಬ್ಬಂದಿ ಮುಂದಿನ ಮೂರು ಸಾಲಿನಲ್ಲಿದ್ದರು. ಬಣ್ಣದ ಕೋಣೆಯಲ್ಲಿ ರೇವಣ್ಣನ ಕೈ ಎಷ್ಟು ನಡುಗುತ್ತಿತ್ತೆಂದರೆ ಮೀಸೆಯನ್ನು ಎರಡು ಸಲ ಅಂಟಿಸಬೇಕಾಯಿತು.

ಬೇರೆ ಡ್ರೆಸ್‌ನವರು ಸಿಗದೆ ಸಂಘ ಆಚಾರ್ರನ್ನೇ ಕರೆಸಿತ್ತು. ಅವರು ಟ್ರಂಕು ತೆರೆದು ನವಿಲಿನ ಕಿರೀಟ ಎತ್ತಿದ್ದೇ ತಡ, ರೇವಣ್ಣ ಹಿಂದೆ ಸರಿದರು.

“ಅದು ಬೇಡ ಆಚಾರ್ರೇ! ಎಲ್ಲರೂ ಓದಿದಾರೆ. ನನ್ನ ಸೊಸೆ ಮೊದಲನೇ ಸಾಲಲ್ಲಿದಾಳೆ. ಸಾದಾದೇ ಕೊಡಿ.”

ಆಚಾರ್ರು ಮರುಮಾತಾಡದೆ ಮಣಿ, ನವಿಲು ಏನೂ ಇಲ್ಲದ, ಮುತ್ತಿನದೊಂದೇ ಸಾಲಿದ್ದ ಕಿರೀಟ ಕೊಟ್ಟರು. ರೇವಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ಅನುಮಾನಿಸಿದರು. ಆಮೇಲೆ ಅದನ್ನು ನನ್ನತ್ತ ಚಾಚಿದರು. ನಿಂತಿದ್ದವರೆಲ್ಲ ತಿರುಗಿ ನೋಡಿದರು.

“ಮೇಷ್ಟ್ರೇ, ನೀವು ಫಿಸಿಕ್ಸ್‌ನೋರು. ಇದರ ಗುಟ್ಟು ಬರೆದೋರೂ ನೀವೇ. ಕೈಲಿ ಹಿಡಿದು ಹೇಳಿ. ಹಗುರದ್ದು ತಾನೇ?”

ಕಿರೀಟ ನನ್ನ ಕೈಗೆ ಬಂತು. ಮಣಿಕಟ್ಟು ಕೆಳಗೆ ಜಗ್ಗಿತು. ಹನ್ನೊಂದು ವರ್ಷ ತಲೆಯ ಮೇಲೆ ಹೊತ್ತ ಭಾರ ಕೈಗೂ ಗುರುತು ಸಿಗುತ್ತದೆ. ಒಂದು ಕೆಜಿ ಎಂಟುನೂರು, ಒಂದು ಗ್ರಾಂ ಕಡಿಮೆಯಿಲ್ಲ. ಅಂಚಿನ ಬಟ್ಟೆಯಲ್ಲಿ ಹೊಸ ಹೊಲಿಗೆಯ ದಾರ ಬೆರಳಿಗೆ ತಾಗಿತು. ಬಿಳಿ ಪಂಚೆಯ ಧವಳಾಂಕರಲ್ಲಿ ಕೆಲವರು ಯಾಕೆ ಈಚೆಗೆ ಸಿಂಹಭುಜ ತೊಟ್ಟವರಂತೆ ಹೆಜ್ಜೆ ಊರಿ ನಡೆಯುತ್ತಿದ್ದರೆಂಬುದು ಹೊಳೆಯಿತು. ನಿಖತ್‌ಗೆ ಯಾಕೆ ‘ಗೊತ್ತಿಲ್ಲ’ ಎಂಬುದೂ ಹೊಳೆಯಿತು.

ಆಚಾರ್ರು ಟ್ರಂಕಿನೊಳಗೆ ತಲೆ ಹಾಕಿ ಏನನ್ನೋ ಹುಡುಕುತ್ತಿದ್ದರು. ಅವರ ಕೈ ಮಾತ್ರ ಆಡುತ್ತಿರಲಿಲ್ಲ.

“ಹೂವಿದ್ದ ಹಾಗಿದೆ ರೇವಣ್ಣ,” ಎಂದು ನಾನು ಕಿರೀಟವನ್ನು ಒಂದೇ ಕೈಯಲ್ಲಿ, ನಗುನಗುತ್ತ, ಅವರಿಗೆ ಕೊಟ್ಟೆ. ತೋಳು ನಡುಗದಂತೆ ನೋಡಿಕೊಳ್ಳುವುದೇ ಕಷ್ಟವಾಯಿತು.

ಆಚಾರ್ರು ಬಂದು ಅದನ್ನು ಕಟ್ಟಿದರು. ರೇವಣ್ಣನ ಕತ್ತು ತಾನಾಗಿ ನೆಟ್ಟಗಾಯಿತು. ಕಣ್ಣು ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿತು.

“ಹಗುರದ್ದೇ ಇಷ್ಟಿದ್ರೆ,” ಎಂದರು ತಲೆ ಅಲ್ಲಾಡಿಸದೆ, “ಭಾರದ್ದು ಹೊತ್ತೋರು ಪಾಪ ಹೇಗಿದ್ರೋ!”

ಯಾರೋ ಕಿಸಕ್ಕೆಂದರು. ಎಲ್ಲರೂ ನನ್ನನ್ನು ನೋಡಿದರು. ನಾನೂ ನಕ್ಕೆ.

ಹೊರಗೆ ಹಾರ್ಮೋನಿಯಂ ಶುರುವಾಯಿತು. ರೇವಣ್ಣ ರಂಗಕ್ಕೆ ನಡೆದರು. ಮೊದಲ ಮಾತಿಗೇ ತಡವರಿಸಿದ್ದು ನನಗೆ ಕೇಳಿಸಿತು. ಆಮೇಲೆ ಮೊದಲನೇ ಸಾಲಿನಿಂದ ಒಂದು ಹೆಣ್ಣುದನಿ, “ನಮ್ಮಾವನ ಗತ್ತು ನೋಡ್ರೇ!” ಎಂದಿತು. ಚಪ್ಪಾಳೆ ಬಿತ್ತು.

ಬಣ್ಣದ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಆಚಾರ್ರು ಶಲ್ಯನ ಕಿರೀಟ ಹಿಡಿದು ನನ್ನೆದುರು ನಿಂತರು. ಅದೂ ಸಾದಾ. ಅದರಂಚಿಗೂ ಹೊಸ ದಾರವಿತ್ತೋ ಇಲ್ಲವೋ, ಮಬ್ಬು ಬೆಳಕಿನ ಕೋಣೆಯಲ್ಲಿ ಕಾಣಲಿಲ್ಲ. ಬೆರಳು ಚಾಚಿದ್ದರೆ ತಿಳಿಯುತ್ತಿತ್ತು.

“ತಲೆ ಬಗ್ಗಿಸಿ ಸಾರ್,” ಎಂದರು.

ನಾನು ಬಗ್ಗಿಸಿಯೇ ಇದ್ದೆ.